ಅಲ್ಲಾ ಬಂಡ್

ನಮ್ಮ ನೀರಾವರಿ ಇಂಜಿನಿಯರುಗಳ ಬಾಯಲ್ಲಿ ಕೆರೆ ಏರಿ ಎಂದರೆ 'ಬಂಡ್'. ಇಂಗ್ಲಿಷಿನ ವೇಷದಲ್ಲಿ ಬಂದರೂ ಈ ಪದದ ತವರು ಪಾರಸಿಯ 'ಬಂದ್'. ಕಟ್ಟು, ತಡೆ ಎಂದರ್ಥ. ಸಂಸ್ಕೃತದ 'ಬಂಧ'ಕ್ಕೆ ದಾಯಾದಿ. ಅಂಗಡಿ 'ಬಂದ್' ಆಗುವುದೂ ಇದರಿಂದಲೇ.

ಕಛ್‌ನ ರಣದಲ್ಲಿ ಇದಕ್ಕೆ ದೇವರ ಹೆಸರು ಸೇರಿಕೊಂಡಿತು. 1819ರ ಜೂನ್ 16ರ ಭೂಕಂಪದಲ್ಲಿ ಸಿಂದ್ರಿ ಕೋಟೆಯ ಸುತ್ತಲಿನ ನೆಲ ಕುಸಿದು ನೀರು ನುಗ್ಗಿತು. ಒಳಗಿದ್ದವರು ಗೋಪುರ ಹತ್ತಿ ಜೀವ ಉಳಿಸಿಕೊಂಡರು. ಕೋಟೆಯ ಉತ್ತರಕ್ಕೆ ಸುಮಾರು 80 ಕಿ.ಮೀ. ಉದ್ದಕ್ಕೂ ನೆಲ ಕೆಲವೆಡೆ ಆರು ಮೀಟರಿನಷ್ಟು ಎತ್ತರಕ್ಕೆ ದಿಬ್ಬವಾಗಿ ಎದ್ದು, ಸಿಂಧೂ ನದಿಯ ಕವಲೊಂದಕ್ಕೆ ಅಡ್ಡ ನಿಂತಿತು. ಮನುಷ್ಯರು ಹಾಕಿದ ಒಡ್ಡುಗಳು ಅಲ್ಲಿ ಮೊದಲೇ ಇದ್ದವು. ಇದು ಅವರ ಕೈಕೆಲಸವಲ್ಲವೆಂದು ತಿಳಿಯಲಿ ಎಂದೇ ಜನ 'ಅಲ್ಲಾ ಬಂಡ್' ಎಂದರು. ಎಂಥ ಕರಾರುವಾಕ್ಕಾದ ಹೆಸರು! 1826ರ ಪ್ರವಾಹ ಆ ದೈವದ ಒಡ್ಡನ್ನೂ ಕೊರೆದುಕೊಂಡು ಹೋಯಿತು, ಬಿಡಿ. ಮುಂದೆ ಚಾರ್ಲ್ಸ್ ಲಯೆಲ್ ತಮ್ಮ ಭೂವಿಜ್ಞಾನದ ಗ್ರಂಥದಲ್ಲಿ ಇದನ್ನು ವಿವರಿಸಿದರು.

ಇಲ್ಲಿ ನೆಲ ಎದ್ದದ್ದೇಕೆ? ಭೂಫಲಕಗಳು ಗುದ್ದಾಡುವ ಹಿಮಾಲಯ ಇಲ್ಲಿಂದ ನೂರಾರು ಕಿ.ಮೀ. ದೂರ. ಆದರೆ ವರ್ಷಕ್ಕೆ ನಾಲ್ಕೈದು ಸೆಂ.ಮೀ. ಉತ್ತರಕ್ಕೆ ಸರಿಯುತ್ತ ಭಾರತದ ಫಲಕ ಯುರೇಷ್ಯಾವನ್ನು ಒತ್ತುವಾಗ, ಆ ಒತ್ತಡ ಫಲಕದ ಒಡಲಿಗೂ ಹರಡುತ್ತದೆ. ಡೈನೋಸಾರ್‌ಗಳ ಕಾಲದಲ್ಲಿ ಕಛ್‌ನ ನೆಲ ಜಗ್ಗಿ ಬಿರಿದಾಗ ಉಂಟಾದ ಹಳೆಯ ಸ್ತರಭಂಗಗಳು ಈಗ ಈ ಒತ್ತಡಕ್ಕೆ ಸಿಕ್ಕಿ ಉಲ್ಟಾ ಜರಗುತ್ತವೆ: ಅಂದು ಕೆಳಗಿಳಿದ ಬಂಡೆ ಇಂದು ಮೇಲೇರುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದ ಹಿಂದಿದ್ದದ್ದೂ ಇದೇ ಒತ್ತಡ. ಪ್ರಮಾಣ 7.7. ಆದರೆ ಆಗ ಸ್ತರಭಂಗ ನೆಲದಾಳದಲ್ಲೇ ಜರಗಿ ನಿಂತಿತು. ಮೇಲೆ ಹೊಸ ಬಂಡ್ ಏಳಲಿಲ್ಲ.