ಗ್ರಹಣ: ಹಿಡಿದದ್ದು, ಗ್ರಹಿಸಿದ್ದು

ಕನ್ನಡದಲ್ಲಿ ಗ್ರಹಣ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಈ ಎರಡು ಕ್ರಿಯಾಪದಗಳಲ್ಲೇ ಪದದ ಮೂಲಾರ್ಥ ಉಳಿದುಬಂದಿದೆ. ಸಂಸ್ಕೃತದ ‘ಗ್ರಹ್’ ಧಾತುವಿಗೆ ಹಿಡಿ, ತೆಗೆದುಕೊ ಎಂದರ್ಥ. ಮದುವೆಯಲ್ಲಿ ಕೈ ಹಿಡಿದರೆ ಪಾಣಿಗ್ರಹಣ, ಇಂದ್ರಿಯಗಳನ್ನು ಹಿಡಿತದಲ್ಲಿಟ್ಟರೆ ನಿಗ್ರಹ, ಪಟ್ಟು ಹಿಡಿದರೆ ಆಗ್ರಹ, ದೇವರು ಕೈ ಹಿಡಿದರೆ ಅನುಗ್ರಹ. ಪಾಠ ತಲೆಗೆ ಹತ್ತಿದರೆ ಗ್ರಹಿಸಿದೆವು ಎನ್ನುತ್ತೇವೆ. ಭಕ್ತ ಬೇಡುವ ಅನುಗ್ರಹವೂ ವಿಜ್ಞಾನಿ ಅರಸುವ ಗ್ರಹಿಕೆಯೂ ಒಂದೇ ಧಾತುವಿನ ಮಕ್ಕಳು. ಶ್ರದ್ಧೆಗೂ ವಿಜ್ಞಾನಕ್ಕೂ ನಮ್ಮಲ್ಲಿದ್ದ ನಂಟು, ಜಗಳ ಎರಡೂ ಗ್ರಹಣದ ಚರಿತ್ರೆಯಲ್ಲಿ ಸಿಗುತ್ತವೆ.

ಋಗ್ವೇದದ ಐದನೆಯ ಮಂಡಲದಲ್ಲಿ ಸೂರ್ಯನಿಗೆ ಕತ್ತಲು ಕವಿದ ಪ್ರಸಂಗವೊಂದಿದೆ. ಅಲ್ಲಿ ರಾಹುವಿನ ಹೆಸರಿಲ್ಲ. ಸ್ವರ್ಭಾನುವೆಂಬ ಅಸುರ ಕತ್ತಲಿನಿಂದ ಸೂರ್ಯನನ್ನು ಚುಚ್ಚುತ್ತಾನೆ. ಮರೆಯಾದ ಸೂರ್ಯನನ್ನು ಅತ್ರಿ ಋಷಿ ಕಂಡುಕೊಳ್ಳುತ್ತಾನೆ. ಛಾಂದೋಗ್ಯ ಉಪನಿಷತ್ತಿಗೆ ಬಂದರೆ ಚಂದ್ರ ರಾಹುವಿನ ಬಾಯಿಂದ ಬಿಡಿಸಿಕೊಂಡು ಬರುವ ಮಾತಿದೆ. ಅಮೃತ ಕದ್ದು ತಲೆ ಕಳೆದುಕೊಂಡ ಅಸುರನ ಕಥೆಯನ್ನು ಪುರಾಣಗಳು ಬೆಳೆಸಿದವು.

ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ರಾಹುವಿನ ಈ ಬಾಯನ್ನು ಪಕ್ಕಕ್ಕೆ ಸರಿಸಿದ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ‘ಆರ್ಯಭಟೀಯ’ದಲ್ಲಿ ಬರೆದ. ಅರ್ಥ ಬದಲಾದರೂ ಜ್ಯೋತಿಷಿಗಳು ಹಳೆಯ ಪದವನ್ನು ಬಿಡಲಿಲ್ಲ. ಮುಚ್ಚುವ ಬಿಂಬವನ್ನು ಗ್ರಾಹಕ ಎಂದರು, ಮರೆಯಾಗುವ ಬಿಂಬವನ್ನು ಗ್ರಾಹ್ಯ ಎಂದರು. ಬಿಂಬದ ಅಂಚಿಗೆ ನೆರಳು ತಾಗಿದರೆ ಸ್ಪರ್ಶ, ಪೂರ್ತಿ ಕಳಚಿಕೊಂಡರೆ ಮೋಕ್ಷ. ಇಂದಿಗೂ ಪಂಚಾಂಗದಲ್ಲಿ ಸ್ಪರ್ಶಕಾಲ, ಮೋಕ್ಷಕಾಲ ಎಂದೇ ಅಚ್ಚಾಗುತ್ತದೆ. ರಾಹು ಕೇತುಗಳಿಗೂ ಗಣಿತದಲ್ಲಿ ಜಾಗ ಸಿಕ್ಕಿತು: ಸೂರ್ಯನ ದಾರಿಯನ್ನು ಚಂದ್ರನ ದಾರಿ ಕತ್ತರಿಸುವ ಎರಡು ಬಿಂದುಗಳು ಅವು. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಅಮಾವಾಸ್ಯೆ ಹುಣ್ಣಿಮೆಗಳು ಈ ಬಿಂದುಗಳ ಹತ್ತಿರ ಬಿದ್ದಾಗ ಮಾತ್ರ ಗ್ರಹಣ ಸಂಭವಿಸುತ್ತದೆ.

ನೆರಳಿನ ಈ ವಿವರಣೆಯನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ರಾಹು ನುಂಗುವ ವಾದವನ್ನು ತಳ್ಳಿಹಾಕಿ, ಗ್ರಹಣದ ಹೊತ್ತಿನ ದಾನ ಹೋಮಗಳಲ್ಲಿ ರಾಹುವಿಗೆ ಪಾಲಿರಲೆಂಬ ವರವಿದೆ ಎಂದು ಸಮನ್ವಯ ಹುಡುಕಿದ. 628ರಲ್ಲಿ ಬ್ರಹ್ಮಗುಪ್ತ, ರಾಹುವನ್ನು ಅಲ್ಲಗಳೆದರೆ ಶ್ರುತಿ ಸ್ಮೃತಿಗಳಿಗೆ ವಿರೋಧವಾಗುತ್ತದೆ ಎಂದು ಈ ಇಬ್ಬರನ್ನೂ ಖಂಡಿಸಿದ. ಆದರೆ ಅವನ ಲೆಕ್ಕ ನಡೆದದ್ದು ನೆರಳಿನ ಮೇಲೆಯೇ. ಅಷ್ಟು ಬಲ್ಲವನು ಹೀಗೇಕೆ ಬರೆದ ಎಂದು ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಬಿರೂನಿ ಕೇಳಿದ. ತಿಳಿದವನೇ ತಿಳಿವಳಿಕೆಗೆ ಬೆನ್ನು ತೋರಿಸಬೇಕಾಗಿ ಬಂದ ಆ ಗಳಿಗೆ ಈ ಪದದ ಬಾಳಿನಲ್ಲಿ ನೋವಿನದು.

ಕನ್ನಡ ನಾಡಿನ ಕಲ್ಲುಗಳಲ್ಲಿ ಗ್ರಹಣದ ಇನ್ನೊಂದು ಮುಖವಿದೆ. ಸೂರ್ಯಗ್ರಹಣ, ಸೋಮಗ್ರಹಣಗಳ ನಿಮಿತ್ತ ದೇವಾಲಯಕ್ಕೆ, ಕೆರೆಗೆ, ವಿದ್ವಾಂಸರಿಗೆ ಭೂಮಿ ಬಿಟ್ಟ ದಾನಶಾಸನಗಳು ಹೇರಳವಾಗಿವೆ. ಪುಣ್ಯಕ್ಕಾಗಿ ಕೆತ್ತಿಸಿದ ಆ ದಿನ, ತಿಥಿಗಳು ಈಗ ಶಾಸನಗಳ ಕಾಲನಿರ್ಣಯಕ್ಕೆ ಒದಗುತ್ತಿವೆ. ಬೆಂಗಳೂರಿನ ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಇಂಥ ಶಾಸನಗಳನ್ನೇ ಆಕಾಶದ ದಾಖಲೆಗಳಾಗಿ ಓದಿದ್ದಾರೆ. ದಾನ ಕೊಟ್ಟವನ ಶ್ರದ್ಧೆ, ಹೊತ್ತು ಹೇಳಿದವನ ಗಣಿತ ಎರಡೂ ಒಂದೇ ಸಾಲಿನಲ್ಲಿ ಕೂತಿವೆ.

ಮುಂದೆ ಗ್ರಹಣವೇ ಸೂರ್ಯನನ್ನು ಅರಿಯುವ ಅವಕಾಶವಾಯಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್, ಜಮಖಂಡಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ಹರ್ಷೆಲ್ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹಿಡಿದು ನೋಡಿದರು. ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳು ಅನಿಲರಾಶಿಗಳೆಂದು ತಿಳಿಯಿತು. ಹೀಲಿಯಮ್ ಪತ್ತೆಯಾದ ಕಥೆ ಶುರುವಾಗುವುದೂ ಆ ವರ್ಷದ ವೀಕ್ಷಣೆಗಳಿಂದಲೇ. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಉತ್ತರ ಕರ್ನಾಟಕವನ್ನು ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಬೀಡುಬಿಟ್ಟು ಆಕಾಶ ನೋಡುತ್ತಿದ್ದರೆ, ಎಷ್ಟೋ ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. 2019ರ ಡಿಸೆಂಬರ್ 26ರ ಕಂಕಣಗ್ರಹಣದಂದು ಕಲಬುರಗಿಯ ಬಳಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಗ್ರಹಣದ ಹೊತ್ತನ್ನು ಹೇಗೆ ಕಳೆಯಬೇಕೆಂಬುದು ಶ್ರದ್ಧೆಯ ಮಾತು. ಸ್ನಾನ, ಜಪ, ದಾನಗಳಿಗೆ ವಿಜ್ಞಾನದ ಅಡ್ಡಿಯಿಲ್ಲ. ಜಪಕ್ಕೆ ಕೂರುವ ಹೊತ್ತನ್ನು ಹೇಳುವುದೇ ನೆರಳಿನ ಲೆಕ್ಕ. ಗ್ರಹಣ ಮೈಗೆ, ಅನ್ನಕ್ಕೆ, ಬಸುರಿಗೆ ಏನು ಮಾಡುತ್ತದೆಂಬುದು ಪರೀಕ್ಷಿಸಬಹುದಾದ ಮಾತು. ಅಲ್ಲಿ ಪುರಾವೆಯೇ ಪ್ರಮಾಣ. ಒನಕೆ ಗ್ರಹಣದಲ್ಲಿ ಮಾತ್ರ ನೆಟ್ಟಗೆ ನಿಲ್ಲುತ್ತದೆ ಎನ್ನುವವರು ಬೇರೆ ದಿನವೂ ನಿಲ್ಲಿಸಿ ನೋಡಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬ ಎಚ್ಚರಿಕೆ ನಿಜ, ಅದನ್ನು ಮಕ್ಕಳಿಗೆ ಕಾರಣ ಸಮೇತ ಹೇಳಿ, ಸೌರ ಕನ್ನಡಕ ಕೊಟ್ಟು ಅಂಗಳಕ್ಕೆ ಕರೆದುಕೊಂಡು ಬರಬೇಕು.

ಆರ್ಯಭಟನ ಕಾಲದಿಂದ ‘ಗ್ರಹಣ’ ರಾಹುವಿನ ಹಿಡಿತ, ನೆರಳಿನ ಮರೆ ಎಂಬ ಎರಡು ಅರ್ಥಗಳನ್ನೂ ಹೊತ್ತು ಬಂದಿದೆ. ನೆರಳನ್ನು ಗ್ರಹಿಸಿದ್ದರಿಂದ ಯಾರ ಭಕ್ತಿಯೂ ಕುಂದಲಿಲ್ಲ, ದಾನಗಳೂ ನಿಲ್ಲಲಿಲ್ಲ. ಕುಂದು ಬರುವುದು ನಂಬಿಕೆಯ ಹೆಸರಿನಲ್ಲಿ ಮಗುವನ್ನು ಮಣ್ಣಿಗಿಳಿಸಿದಾಗ. ಅದನ್ನು ಮೊದಲು ತಡೆಯಬೇಕಾದವರು ಅನುಗ್ರಹವನ್ನು ನಂಬಿದ ಭಕ್ತರೇ.