ಲಿನಕ್ಸ್ ಗಣಕಯಂತ್ರದಲ್ಲಿ ಕೀಲಿಮಣೆ ಸ್ಪಂದಿಸದಿದ್ದಾಗ ಅನುಸರಿಸಬೇಕಾದ ಕ್ರಮಗಳು

1. ಪೀಠಿಕೆ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರಗಳಲ್ಲಿ ಕೆಲಸ ನಡೆಯುತ್ತಿರುವಾಗಲೇ ಕೀಲಿಮಣೆಯು ಸ್ಪಂದಿಸದೇ ಹೋಗುವುದುಂಟು. ಇಂತಹ ಸಂದರ್ಭದಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ನಿಲ್ಲಿಸಿದಲ್ಲಿ, ಉಳಿಸದೇ ಇರುವ ಪತ್ರ, ಬಿಲ್ಲು ಹಾಗೂ ತಃಖ್ತೆಗಳು ನಷ್ಟವಾಗುತ್ತವೆ. ಅನೇಕ ವೇಳೆ ಕೀಲಿಮಣೆಯಾಗಲಿ ಯಂತ್ರವಾಗಲಿ ಕೆಟ್ಟಿರುವುದಿಲ್ಲ. ಒಂದು ಸಿದ್ಧತೆ ಮಾತ್ರ ಬದಲಾಗಿರುತ್ತದೆ. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಅನುಕ್ರಮವಾಗಿ ಅನುಸರಿಸುವುದು ಸೂಕ್ತ.

2. ಮೊದಲು ಕಡತವನ್ನು ಉಳಿಸುವುದು

ಮೌಸ್ ಚಲಿಸುತ್ತಿದ್ದಲ್ಲಿ, ಬೇರೆ ಯಾವುದೇ ಪ್ರಯತ್ನಕ್ಕೆ ಮುನ್ನ ಫೈಲ್ ಪಟ್ಟಿಯಲ್ಲಿನ ಸೇವ್ ಆಯ್ಕೆಯನ್ನು ಮೌಸ್‌ನಿಂದ ಒತ್ತಿ ಕಡತವನ್ನು ಉಳಿಸತಕ್ಕದ್ದು. ಕಡತಕ್ಕೆ ಇನ್ನೂ ಹೆಸರು ನೀಡಿರದಿದ್ದಲ್ಲಿ ತಂತ್ರಾಂಶವು ಸೂಚಿಸುವ ಹೆಸರನ್ನೇ ಒಪ್ಪಿಕೊಳ್ಳಬಹುದು. ಅಕ್ಷರ ಟೈಪಿಸುವುದು ಅನಿವಾರ್ಯವಾದಲ್ಲಿ, ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗದಡಿ ಪರದೆಯ ಮೇಲಿನ ಕೀಲಿಮಣೆಯನ್ನು ಚಾಲನೆಗೊಳಿಸಬಹುದಾಗಿದೆ.

3. ಸಂಪರ್ಕದ ಪರಿಶೀಲನೆ

(ಅ) ಯುಎಸ್‌ಬಿ ಕೀಲಿಮಣೆಯನ್ನು ತೆಗೆದು ಗಣಕಯಂತ್ರದ ಬೇರೊಂದು ಪೋರ್ಟ್‌ಗೆ ನೇರವಾಗಿ ಜೋಡಿಸುವುದು. ನಡುವೆ ಹಬ್ ಇದ್ದಲ್ಲಿ ಅದನ್ನು ಬಿಡುವುದು.

(ಆ) ದುಂಡನೆಯ ಪಿಎಸ್/2 ತುದಿಯುಳ್ಳ ಹಳೆಯ ಕೀಲಿಮಣೆಯನ್ನು ಯಂತ್ರವು ಚಾಲನೆಯಲ್ಲಿರುವಾಗ ತೆಗೆದು ಹಾಕಬಾರದು.

(ಇ) ತಂತಿರಹಿತ ಕೀಲಿಮಣೆಯಾದಲ್ಲಿ ಬ್ಯಾಟರಿ ಹಾಗೂ ರಿಸೀವರ್ ಅನ್ನು ಪರೀಕ್ಷಿಸುವುದು.

(ಈ) ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪವು ಹೊತ್ತಿ ಆರಿದಲ್ಲಿ, ಕೀಲಿಮಣೆಯ ಸಂಕೇತವು ಯಂತ್ರವನ್ನು ತಲುಪುತ್ತಿದೆ ಎಂದು ತಿಳಿಯಬಹುದು. ಆಗ ಹೊಸ ಕೀಲಿಮಣೆಯನ್ನು ಖರೀದಿಸುವ ಅಗತ್ಯವಿರುವುದಿಲ್ಲ.

4. ಸಿದ್ಧತೆಗಳಿಂದ ಉಂಟಾಗುವ ತೊಂದರೆ

(ಅ) ಸ್ಲೋ ಕೀಸ್: ಕೀಲಿಯನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿದಾಗ ಮಾತ್ರ ಅಕ್ಷರ ಮೂಡುತ್ತಿದ್ದಲ್ಲಿ, ಸ್ಲೋ ಕೀಸ್ ಸೌಲಭ್ಯವು ಚಾಲನೆಗೊಂಡಿರುವ ಸಂಭವವಿದೆ. ಕೈ ನಡುಕವುಳ್ಳವರ ಅನುಕೂಲಕ್ಕಾಗಿ ಇರುವ ಈ ಸೌಲಭ್ಯವು, ಕೀಲಿಮಣೆಯಿಂದಲೇ ಚಾಲನೆಗೊಳಿಸುವ ಆಯ್ಕೆ ಇದ್ದಲ್ಲಿ, ಶಿಫ್ಟ್ ಕೀಲಿಯನ್ನು ಸುಮಾರು 8 ಸೆಕೆಂಡು ಒತ್ತಿ ಹಿಡಿದೊಡನೆ ತಾನಾಗಿ ಆರಂಭವಾಗುತ್ತದೆ. ಪುನಃ ಅಷ್ಟೇ ಹೊತ್ತು ಒತ್ತಿ ಹಿಡಿದಲ್ಲಿ ನಿಲ್ಲುತ್ತದೆ. ಆಕ್ಸೆಸಿಬಿಲಿಟಿ ವಿಭಾಗದಿಂದಲೂ ನಿಲ್ಲಿಸಬಹುದು.

(ಆ) ಕನ್ನಡ ವಿನ್ಯಾಸ: ಕಗಪ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸವು ಆಯ್ಕೆಯಾಗಿರುವಾಗ ಇಂಗ್ಲಿಷ್ ಗುಪ್ತಪದವನ್ನು ಟೈಪಿಸಿದಲ್ಲಿ ಅದು ತಿರಸ್ಕೃತವಾಗುತ್ತದೆ. ಗುಪ್ತಪದವು ಚುಕ್ಕೆಗಳಾಗಿಯೇ ಕಾಣುವುದರಿಂದ ಕಾರಣ ತಿಳಿಯುವುದಿಲ್ಲ. ಪರದೆಯ ಅಂಚಿನ ಭಾಷಾ ಸೂಚಕವನ್ನು ನೋಡಿ ಇಂಗ್ಲಿಷ್ ಆಯ್ಕೆ ಮಾಡತಕ್ಕದ್ದು.

(ಇ) ಐಬಸ್: ಕನ್ನಡ ಟೈಪಿಸಲು ಬಳಸುವ ಐಬಸ್ ತಂತ್ರಾಂಶವು ಸ್ಥಗಿತಗೊಂಡಲ್ಲಿ ಕೆಲವು ತಂತ್ರಾಂಶಗಳಲ್ಲಿ ಮಾತ್ರ ಅಕ್ಷರ ಮೂಡುವುದಿಲ್ಲ. ಕಡತಗಳನ್ನು ಉಳಿಸಿ, ಲಾಗ್‌ಔಟ್ ಮಾಡಿ ಪುನಃ ಪ್ರವೇಶಿಸುವುದು.

(ಈ) ಟರ್ಮಿನಲ್: ಟರ್ಮಿನಲ್ ಕಿಟಕಿಯಲ್ಲಿ ಮಾತ್ರ ಏನೂ ಮೂಡದಿದ್ದಲ್ಲಿ, ಕಂಟ್ರೋಲ್ ಮತ್ತು ಎಸ್ ಕೀಲಿಗಳು ಒಟ್ಟಿಗೆ ಒತ್ತಲ್ಪಟ್ಟಿರಬಹುದು. ಕಂಟ್ರೋಲ್ ಮತ್ತು ಕ್ಯೂ ಒತ್ತಿದಲ್ಲಿ ಸರಿಹೋಗುತ್ತದೆ.

5. ಮೌಸ್ ಹಾಗೂ ಪರದೆಯೂ ಸ್ತಬ್ಧವಾಗಿದ್ದಲ್ಲಿ

ಕೆಲವು ನಿಮಿಷ ಕಾಯುವುದು. ನೆನಪುಕೋಶವು ತುಂಬಿದಾಗ ಯಂತ್ರವು ನಿಧಾನವಾಗಿ ಚೇತರಿಸಿಕೊಳ್ಳುವುದುಂಟು. ನಂತರ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತುವುದು. ಅಕ್ಷರರೂಪದ ಪ್ರವೇಶ ಪರದೆಯು ಕಾಣಿಸಿಕೊಂಡಲ್ಲಿ, ದೋಷವು ಚಿತ್ರರೂಪದ ಪರದೆಗೆ ಮಾತ್ರ ಸೀಮಿತವಾಗಿದೆ ಎಂದರ್ಥ. ಅಲ್ಲಿಂದ ಪ್ರವೇಶಿಸಿ, ಸ್ಥಗಿತಗೊಂಡ ಒಂದೇ ತಂತ್ರಾಂಶವನ್ನು ನಿಲ್ಲಿಸಬಹುದು.

ಇದೂ ಸಾಧ್ಯವಾಗದಿದ್ದಲ್ಲಿ, ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಕೀಲಿಗಳನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಒತ್ತುವುದು. ಇವು ಕ್ರಮವಾಗಿ ಡಿಸ್ಕ್‌ಗೆ ಬರೆಯಲು ಬಾಕಿಯಿರುವ ಮಾಹಿತಿಯನ್ನು ಬರೆದು, ಡಿಸ್ಕ್ ಅನ್ನು ಓದಲು ಮಾತ್ರ ಮೀಸಲಿರಿಸಿ, ಯಂತ್ರವನ್ನು ಪುನರಾರಂಭಿಸುತ್ತವೆ. ಉಳಿಸದ ಕಡತವು ಇದರಿಂದ ಉಳಿಯುವುದಿಲ್ಲವಾದರೂ ಡಿಸ್ಕ್‌ನಲ್ಲಿರುವ ಇತರ ಕಡತಗಳಿಗೆ ಹಾನಿಯಾಗುವ ಸಂಭವ ಕಡಿಮೆಯಾಗುತ್ತದೆ. ಈ ಸೌಲಭ್ಯವನ್ನು ಕೆಲವು ಲಿನಕ್ಸ್ ಆವೃತ್ತಿಗಳಲ್ಲಿ ಭಾಗಶಃ ಮಾತ್ರ ನೀಡಲಾಗಿರುತ್ತದೆ.

6. ಪುನರಾರಂಭದ ನಂತರವೂ ಸರಿಹೋಗದಿದ್ದಲ್ಲಿ

ಯಂತ್ರ ಆರಂಭವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಬಾಣದ ಕೀಲಿಗಳು ಕೆಲಸ ಮಾಡಿ, ಪ್ರವೇಶ ಪರದೆಯಲ್ಲಿ ಮಾಡದಿದ್ದಲ್ಲಿ ದೋಷವು ತಂತ್ರಾಂಶದಲ್ಲಿದೆ. ಇತ್ತೀಚೆಗೆ ನವೀಕರಣ ನಡೆದಿದ್ದಲ್ಲಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಡಿ ಹಿಂದಿನ ಕರ್ನಲ್ ಅನ್ನು ಆಯ್ಕೆ ಮಾಡಿ ಪರೀಕ್ಷಿಸುವುದು. ಗ್ರಬ್ ಹಾಗೂ ಬಯಾಸ್ ಎರಡರಲ್ಲಿಯೂ ಸ್ಪಂದಿಸದಿದ್ದಲ್ಲಿ, ಬೇರೆ ಕೀಲಿಮಣೆಯನ್ನು ಜೋಡಿಸಿ ನೋಡಿದ ನಂತರವೇ ದುರಸ್ತಿಗೆ ಕಳುಹಿಸುವುದು.

7. ವಿಶೇಷ ಸೂಚನೆ

ಲಿಬ್ರೆಆಫೀಸ್ ತಂತ್ರಾಂಶವು ಮೂಲ ಸಿದ್ಧತೆಯಲ್ಲಿ 10 ನಿಮಿಷಗಳಿಗೊಮ್ಮೆ ಚೇತರಿಕೆ ಮಾಹಿತಿಯನ್ನು ಉಳಿಸುತ್ತದೆ. ಟೂಲ್ಸ್ ಪಟ್ಟಿಯ ಆಪ್ಷನ್ಸ್‌ನಲ್ಲಿ ಈ ಅವಧಿಯನ್ನು ಕಡಿಮೆ ಮಾಡಿಕೊಳ್ಳಬಹುದು. ಯಂತ್ರ ಪುನರಾರಂಭವಾದ ಬಳಿಕ ಚೇತರಿಕೆಯ ಪಟ್ಟಿಯು ಕಾಣಿಸಿಕೊಂಡಲ್ಲಿ ಅದನ್ನು ರದ್ದುಪಡಿಸದೆ, ಕಡತವನ್ನು ಮರಳಿ ಪಡೆದು ಕೂಡಲೇ ಉಳಿಸತಕ್ಕದ್ದು.