ಪಹಣಿಯ ಹೆಸರು ಮತ್ತು ತೆರೆಯ ಮೇಲಿನ ಪಟ್ಟಿ

ಹುಲಸೂರಿನಿಂದ ಮಾತಾಡ್ತಿದ್ದೀನಿ. ಇವತ್ತು ಕಂಪ್ಯೂಟರ್ ತೆರೆ ಮ್ಯಾಲಿನ ಒಂದು ಸಣ್ಣ ಡಬ್ಬಿಯ ಇತಿಹಾಸ. ಹೆಸರುಗಳ ಸಾಲು ಕಾಣ್ತದಲ್ಲ, ಆ ಲಿಸ್ಟ್ ಬಾಕ್ಸ್. ನಮ್ಮ ಹೊಲಕ್ಕೂ ಅದಕ್ಕೂ ಏನ್ ಸಂಬಂಧ ಅಂತೀರಾ? ಅದ ರೀ.

ಮೊದಲು ಪಹಣಿ ಇರ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಾಗ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕೇಂದ್ರದಾಗ 15 ರೂಪಾಯಿ ಕೊಟ್ಟರೆ ಪ್ರತಿ ಸಿಗ್ತಿತ್ತು. ಹುಲಸೂರ ಆಗ ಬಸವಕಲ್ಯಾಣ ತಾಲೂಕಿನೊಳಗಿತ್ತು. ತಂತ್ರಾಂಶ ಮಾಡಿದ್ದು ಎನ್ಐಸಿ, ವಿಷುವಲ್ ಬೇಸಿಕ್‌ನಲ್ಲಿ.

ಆ ಕಾಲದ ವಿಷುವಲ್ ಬೇಸಿಕ್‌ನಾಗ ‘ರೈತರು’ ಅಂತ ನಮ್ಮದೇ ಕಲೆಕ್ಷನ್ ಕ್ಲಾಸ್ ಕಟ್ಟಬಹುದಿತ್ತು. ಆದರೆ ಅದನ್ನು ಲಿಸ್ಟ್ ಬಾಕ್ಸ್‌ಗೆ ನೇರವಾಗಿ ಕೊಡೋಕೆ ಆಗ್ತಿರಲಿಲ್ಲ. ಒಂದೊಂದೇ ಹೆಸರು ಎತ್ತಿ ‘ಆಡ್ಐಟಂ’ ಅಂತ ಸೇರಿಸಬೇಕು. ಅಂದರೆ ಒಂದೇ ಪಟ್ಟಿಗೆ ಎರಡು ಪ್ರತಿ: ಒಂದು ನೆನಪಿನಾಗ, ಒಂದು ತೆರೆಯಾಗ.

ನಾನು ಬಿ.ಕಾಂ. ಓದಿದವ, ನನಗಿದು ರೋಜನಾಮೆ ಮತ್ತು ಖಾತೆವಹಿ ಇದ್ದಂಗ ಕಾಣ್ತದ. ರೋಜನಾಮೆಯಾಗ ಬರೆದು ಖಾತೆಗೆ ಏರಿಸದಿದ್ದರೆ ಎರಡೂ ತಾಳೆ ಆಗೋದಿಲ್ಲ.

2002ರಲ್ಲಿ ಡಾಟ್‌ನೆಟ್ ಬಂದು ದಾರಿ ಬದಲಾಯಿತು. ನಿಮ್ಮ ಕ್ಲಾಸ್ ‘ಐಲಿಸ್ಟ್’ ಅನ್ನೋ ಕರಾರು ಪಾಲಿಸಿದರೆ ಸಾಕು, ‘ಡೇಟಾಸೋರ್ಸ್’ಗೆ ಹಚ್ಚಬಹುದು. ‘ಡಿಸ್‌ಪ್ಲೇಮೆಂಬರ್’ ಕಣ್ಣಿಗೆ ಕಾಣೋದು, ರೈತನ ಹೆಸರು ಅಂತ ಇಟ್ಕೊಳ್ಳಿ. ‘ವ್ಯಾಲ್ಯೂಮೆಂಬರ್’ ಹಿಂದೆ ಅಡಗಿರೋದು, ಖಾತೆ ಸಂಖ್ಯೆ.

ಇದೇ ಮುಖ್ಯ ರೀ. ಒಂದೇ ಊರಾಗ ಬಸಪ್ಪ ಅಂತ ನಾಲ್ಕು ಜನ ಇರ್ತಾರ. ಹೆಸರು ನೋಡಿ ಗುರುತಿಸೋದು ಕ್ಲರ್ಕ್ ಕಣ್ಣು, ಆದರೆ ಮ್ಯುಟೇಶನ್ ಆಗಬೇಕಾದದ್ದು ಖಾತೆಯ ಮ್ಯಾಲೆ. ತೆರೆಯ ಸಾಲು ಒಂದು, ಹಿಂದಿನ ಸಂಖ್ಯೆ ಇನ್ನೊಂದು ಆದರೆ ಯಾರದೋ ಹೊಲ ಯಾರದೋ ಹೆಸರಿಗೆ ಹೋಗ್ತದ.

ಒಂದು ಕೊರತೆ ಉಳಿದಿತ್ತು. ಸಾದಾ ಪಟ್ಟಿಗೆ ಹೊಸ ವಾರಸುದಾರನನ್ನು ಸೇರಿಸಿದರೂ ತೆರೆಗೆ ಸುದ್ದಿ ಮುಟ್ಟುತ್ತಿರಲಿಲ್ಲ. ‘ಪಟ್ಟಿ ಬದಲಾಯಿತು’ ಅಂತ ಕೂಗಿ ಹೇಳೋ ‘ಐಬೈಂಡಿಂಗ್‌ಲಿಸ್ಟ್’ ಕರಾರು ಇತ್ತು ಖರೆ, ಅದನ್ನು ಪೂರ್ತಿ ಬರೆಯೋದು ದೊಡ್ಡ ಕೆಲಸ. 2005ರಲ್ಲಿ ಡಾಟ್‌ನೆಟ್ 2.0 ಸಿದ್ಧ ‘ಬೈಂಡಿಂಗ್‌ಲಿಸ್ಟ್’ ಕೊಟ್ಟಿತು. ಸೇರಿಸಿದರೆ, ತೆಗೆದರೆ ತೆರೆ ತಾನೇ ಬದಲಾಗ್ತದ. ಆದರೆ ಒಬ್ಬನ ಹೆಸರಿನ ಅಕ್ಷರ ತಿದ್ದಿದ್ದು ಗೊತ್ತಾಗಬೇಕಂದರೆ ಆ ‘ರೈತ’ ಕ್ಲಾಸೂ ಸುದ್ದಿ ಕೊಡಬೇಕು. ಅದಕ್ಕೆ ‘ಐನೋಟಿಫೈಪ್ರಾಪರ್ಟಿಚೇಂಜ್ಡ್’. ಮರುವರ್ಷ ಡಬ್ಲ್ಯುಪಿಎಫ್ ಜೊತೆ ‘ಅಬ್ಸರ್ವೇಬಲ್‌ಕಲೆಕ್ಷನ್’ ಬಂತು. ಅಲ್ಲೂ ಇದೇ ನಿಯಮ.

ಈಗ ಮೊಬೈಲ್‌ನಾಗೂ ಪಹಣಿ ನೋಡ್ತೀವಿ. ತಂತ್ರಾಂಶ ಯಾವುದೇ ಇರಲಿ, ಕಾಣೋ ಪಟ್ಟಿಗೂ ನಿಜವಾದ ಪಟ್ಟಿಗೂ ನಡುವಿನ ದಾರ ಗಟ್ಟಿ ಇರಬೇಕು. ಕೈಬರಹದ ಕಾಲದಾಗ ಆ ದಾರ ಒಬ್ಬ ಮನುಷ್ಯನ ಕೈಯಾಗಿತ್ತು, ಈಗ ಕೋಡ್ ಬರೆಯೋರ ಕೈಯಾಗ ಅದ. ನಮ್ಮ ಹುಡುಗರು ಕೋಡಿಂಗ್ ಕಲೀತಿದ್ದರೆ ಇದನ್ನು ಹೇಳ್ರಿ: ಪಟ್ಟಿಯ ಒಂದೊಂದು ಸಾಲಿನ ಹಿಂದೆ ಒಂದು ಮನೆ ಅದ.

ಮುಂದಿನ ಕಂತಿನಾಗ ಸಿಗೋಣ ರೀ.